ಸಾಹೇಬರ ಗಿಡ, ನನ್ನ ಬಿ.ಎಸ್ಸಿ.

ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದ ಮೊದಲಿಗ ನಾನು. ಕುರ್ಲಾದ ಚಾಳಿನಲ್ಲಿ ನನ್ನ ಬಾಗಿಲ ಮೇಲಿನ ಬೋರ್ಡಿನಲ್ಲಿ ಹೆಸರಿಗಿಂತ ‘ಬಿ.ಎಸ್ಸಿ.’ ಅಕ್ಷರಗಳೇ ದೊಡ್ಡವು. ಆದ್ದರಿಂದ ನಮ್ಮ ಆಫೀಸಿನ ಸಾಹೇಬರು ಒಂದು ತಿಂಗಳ ರಜೆಗೆ ಹೊರಟಾಗ, ಕಾಂದಿವಲಿಯ ಮನೆಗೆ ಕರೆಸಿ ತಮ್ಮ ಮೆಚ್ಚಿನ ಗಿಡವನ್ನು ನನಗೇ ಒಪ್ಪಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನನ್ನ ನೌಕರಿ ಕಾಯಂ ಮಾಡುವ ಕಾಗದ ಅವರ ಸಹಿಗೆ ಕಾದಿತ್ತು.

ಅನಾನಸಿನ ಜಾತಿಯ ಗಿಡ. ಕಾಡಿನಲ್ಲಿ ಮರದ ಕೊಂಬೆಯ ಮೇಲೆ ಬೆಳೆಯುವಂಥದು. ಎಲೆಗಳೆಲ್ಲ ಕೂಡಿ ನಡುವೆ ಒಂದು ಬಟ್ಟಲು. “ಮಣ್ಣು ಬೇಡ. ಬಟ್ಟಲಲ್ಲಿ ನೀರಿದ್ದರೆ ಸಾಕು,” ಎಂದರು ಸಾಹೇಬರು.

ದಾದರದಲ್ಲಿ ಲೋಕಲ್ ರೈಲು ಬದಲಿಸುವಾಗ ಆ ನೀರೆಲ್ಲ ಒಬ್ಬ ಹಿರಿಯರ ಧೋತರಕ್ಕೆ ಅಭಿಷೇಕವಾಯಿತು. ಅವರ ಬೈಗುಳ ಕೇಳುತ್ತಲೇ ತೀರ್ಮಾನಿಸಿದೆ: ಈ ಬಟ್ಟಲೇ ಪ್ರಕೃತಿಯ ತಪ್ಪು! ಗಿಡ ನೀರು ಕುಡಿಯುವುದು ಬೇರಿನಿಂದ. ಇದನ್ನೇ ಪರೀಕ್ಷೆಯಲ್ಲಿ ಮೂರು ಪುಟ ಬರೆದು ಪಾಸಾದವನು ನಾನು.

ಕುದುರೆಗಾಡಿ ನಿಲ್ಲುವಲ್ಲಿಂದ ಎರಡು ಬುಟ್ಟಿ ಲದ್ದಿ ತಂದೆ. ಮಣ್ಣಿಗೆ ಕಲಸಿ, ತಗಡಿನ ಡಬ್ಬಿಯಲ್ಲಿ ಗಿಡವನ್ನು ಕುತ್ತಿಗೆಮಟ್ಟ ಹೂತೆ. ನಳಕ್ಕೆ ಸರದಿ ನಿಂತು ದಿನಾ ಬುಡಕ್ಕೆ ಅರ್ಧ ಕೊಡ ನೀರು. ಬಟ್ಟಲನ್ನು ಮಾತ್ರ ಬಟ್ಟೆಯಿಂದ ಒರೆಸಿ ಒಣಗಿಸಿದೆ!

“ರೀ, ಸಾಹೇಬ್ರು ಮಣ್ಣು ಬ್ಯಾಡ ಅಂದಿದ್ರಲ್ಲ?” ಎಂದಳು ಹೆಂಡತಿ.

“ನೀ ಸಾಲಿ ಎಷ್ಟನೇತ್ತ ಕಲ್ತೀ?”

“ನಾಕನೇತ್ತ.”

“ಹಂಗಾರ ಸುಮ್ನಿರು.”

ನಾಲ್ಕನೆಯ ದಿನ ಪಕ್ಕದ ಖೋಲಿಯ ಶೆಟ್ಟರು ಮೂಗು ಹಿಡಿದು ಬಂದರು. “ಎಂಥದು ಮಾರಾಯ್ರೆ, ಇದು ಖೋಲಿಯಾ, ಕುದುರೆ ಲಾಯವಾ?”

“ವಿಜ್ಞಾನ, ಶೆಟ್ಟರೇ!”

“ನಿಮ್ಮ ವಿಜ್ಞಾನ ನಮ್ಮ ಊಟದ ತಟ್ಟೆಗೆ ಬರ್ತಾ ಉಂಟು!”

ಹತ್ತನೆಯ ದಿನ, ಎಷ್ಟು ಗಟ್ಟಿಯಾಗಿದೆ ನೋಡೋಣವೆಂದು ಎಲೆ ಹಿಡಿದೆ. ಗಿಡ ಕೈಗೆ ಬಂತು. ಬೇರು ಡಬ್ಬಿಯಲ್ಲೇ ಉಳಿಯಿತು! ನನ್ನ ಕಾಯಂ ನೌಕರಿ ಕಣ್ಣೆದುರಿಗೇ ಕೊಳೆತು ನಾರುತ್ತಿತ್ತು.

ಹೆಂಡತಿ ಈಳಿಗೆ ತಂದಳು. ಕೊಳೆತದ್ದನ್ನು ಕೊಯ್ದಳು. ಮುರಿದ ಮಣೆಗೆ ತೆಂಗಿನ ನಾರು ಸುತ್ತಿ ಗಿಡ ಕಟ್ಟಿದಳು. ಕಿಟಕಿಗೆ ತೂಗುಹಾಕಿ ಬಟ್ಟಲು ತುಂಬ ನೀರೆರೆದಳು. ತಿಂಗಳು ತುಂಬುವಷ್ಟರಲ್ಲಿ ಗಿಡ ಎಲೆ ನಿಗುರಿಸಿ ನಿಂತಿತು.

ರಜೆ ಮುಗಿಸಿ ಬಂದ ಸಾಹೇಬರು ಗಿಡ ನೋಡಿ ಹಿಗ್ಗಿದರು. “ಹಿಂದೆ ಇಬ್ಬರು ಪದವೀಧರರಿಗೆ ಕೊಟ್ಟಿದ್ದೆ. ಇಬ್ಬರೂ ಮಣ್ಣಲ್ಲಿ ಹೂತು ಕೊಂದರು. ಹೇಳಿದ ಮಾತು ಕೇಳಿದವರು ನೀವೊಬ್ಬರೇ!”

ವಿನಯದಿಂದ ತಲೆ ತಗ್ಗಿಸಿದೆ. ಎತ್ತುವ ಧೈರ್ಯವಾಗಲಿಲ್ಲ.

ಸಹಿ ಬಿತ್ತು. ಜೊತೆಗೆ ಅದೇ ಜಾತಿಯ ಒಂದು ಮರಿಗಿಡ ಬಹುಮಾನ! ಮನೆಗೆ ತಂದೊಡನೆ ಹೆಂಡತಿ ಅದನ್ನು ಕಸಿದುಕೊಂಡಳು.

“ಇದನ್ನ ನೀವು ಮುಟ್ಟಬ್ಯಾಡ್ರಿ. ಬಾಗಲದ ಮ್ಯಾಲಿನ ಬೋರ್ಡ್ ಒರಸ್ಕೋತ ಕೂಡ್ರಿ.”

ಪ್ರತಿ ಭಾನುವಾರ ಒರೆಸುತ್ತೇನೆ. ಒದ್ದೆ ಬಟ್ಟೆಯೋ ಒಣ ಬಟ್ಟೆಯೋ ಎಂದು ಮೊದಲು ಅವಳನ್ನೇ ಕೇಳುತ್ತೇನೆ!