ಮಾವನವರ ಮಿಶಿನ್ ಫೋಟೋ

ನಮ್ಮ ಮಾವನವರಿಗೆ ಮನುಷ್ಯರ ಮುಖ ಕಾಣುವುದಿಲ್ಲ. ಕಣ್ಣಿನ ದೋಷ ಅಂದುಕೊಳ್ಳಬೇಡಿ, ಎಪ್ಪತ್ತು ದಾಟಿದರೂ ಸೂಜಿಗೆ ದಾರ ಪೋಣಿಸುವ ಕಣ್ಣು ಅದು! ಚಳ್ಳಕೆರೆಯಲ್ಲಿ ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಹಾಗಾಗಿ ಮನುಷ್ಯ ಮತ್ತು ಮಿಕ್ಸಿ ಅಕ್ಕಪಕ್ಕ ನಿಂತಿದ್ದರೆ ಅವರಿಗೆ ಮಿಕ್ಸಿಯಷ್ಟೇ ಕಾಣುತ್ತದೆ. ನಾನು ಹೊಸ ಸೊಸೆಯಾಗಿ ಸೇರು ಒದ್ದು ಒಳಗೆ ಬಂದ ದಿನ, ನನ್ನ ಹಿಂದೆಯೇ ಬರುತ್ತಿದ್ದ ತವರಿನ ಟೇಬಲ್ ಫ್ಯಾನನ್ನು ನೋಡುತ್ತ "ಬಾರಮ್ಮಾ, ಬಾ" ಎಂದಿದ್ದರು. ಆ ಸ್ವಾಗತ ಯಾರಿಗೆಂದು ನನಗೆ ಇವತ್ತಿಗೂ ಅನುಮಾನ.

ಒಮ್ಮೆ ಪಕ್ಕದ ಮನೆಯವರು ಪ್ರೀತಿಯಿಂದ ತಮ್ಮ ಮದುವೆ ಆಲ್ಬಮ್ ತೋರಿಸಿದರು. ಮಾವ ಮದುಮಕ್ಕಳನ್ನು ಬಿಟ್ಟು ಉಡುಗೊರೆಯ ಮಿಕ್ಸಿಯ ಮೇಲೆ ಭೂತಗನ್ನಡಿ ಇಟ್ಟರು. "ಈ ಮಾಡಲ್ ಬಂದಿದ್ದು ನೀವು ಹೇಳಿದ ವರ್ಷದಾಗಲ್ಲ, ಅದಾಗಿ ಎರಡು ವರ್ಷಕ್ಕೆ. ನಿಮ್ಮ ಮದುವೆ ತಾರೀಖು ತಪ್ಪೈತೆ ನೋಡ್ರಿ" ಎಂದುಬಿಟ್ಟರು. ಓಣಿಯ ಹೆಂಗಸರೆಲ್ಲ ಆ ದಂಪತಿಯ ಹಿರಿಮಗನ ವಯಸ್ಸನ್ನು ಬೆರಳಲ್ಲಿ ಎಣಿಸತೊಡಗಿದರು! ಆ ಮನೆಯವರು ಈಗಲೂ ನಮ್ಮಲ್ಲಿಗೆ ಸಕ್ಕರೆ ಕೇಳಿಕೊಂಡು ಬರುವುದಿಲ್ಲ.

ಇಂಥವರ ಟ್ರಂಕಿನಲ್ಲಿ ಒಂದೇ ಒಂದು ಹಳೆಯ ಫೋಟೋ. ಮೇಜಿನ ಮೇಲೆ ದೊಡ್ಡ ಕೊಂಬಿನ ಗ್ರಾಮಾಫೋನು, ಅದರ ಹಿಂದೆ ಕುರ್ಚಿಯಲ್ಲಿ ರೇಷ್ಮೆ ಸೀರೆಯುಟ್ಟ ಒಬ್ಬ ಹುಡುಗಿ, ಅವಳ ಒಂದು ಕೈ ಪೆಟ್ಟಿಗೆಯ ಮೇಲೆ. ಆ ಹುಡುಗಿ ಮಾವನವರ ತಾಯಿ. ಮಗನಿಗೆ ವರ್ಷ ತುಂಬುವ ಮೊದಲೇ ತೀರಿಹೋದವರು. ಇವರೊಬ್ಬರೇ ಮಗ, ಇದೊಂದೇ ಫೋಟೋ. ಆದರೂ ಮಾವ ಅದನ್ನು ಒಂದು ದಿನವೂ "ನಮ್ಮವ್ವನ ಫೋಟೋ" ಎಂದವರಲ್ಲ. "ಮಿಶಿನ್ ಫೋಟೋ" ಎನ್ನುತ್ತಿದ್ದರು.

"ಹಿಂದೆ ತಾರೀಖಿಲ್ಲ ತಾಯಿ. ಮಿಶಿನ್ ಯಾವ್ದು ಅಂತ ಗೊತ್ತಾದ್ರೆ ವರ್ಷ ಸಿಗ್ತೈತೆ."

"ವರ್ಷ ತಗೊಂಡು ಏನು ಮಾಡ್ತೀರಿ ಮಾವ?"

"ಸುಮ್ನೆ."

ಸುಮ್ಮನೆ ಅಂದವರು ಸುಮ್ಮನೆ ಕೂರಬೇಕಲ್ಲ! ಮೊದಲು ಎಣ್ಣೆ ಮಿಲ್ಲಿನ ಗೆಳೆಯರ ಬಳಿ ಓಡಿದರು. ಅವರು ಫೋಟೋ ದೂರ ಹಿಡಿದು, ಹತ್ತಿರ ಹಿಡಿದು, "ಇದ್ರಾಗೇನೈತೆ ಪತ್ತೆ ಮಾಡಾಕೆ? ಎಣ್ಣೆ ಸುರಿಯೋ ಲಾಳಿಕೆ! ನಮ್ಮಜ್ಜನ ಕಾಲ್ದಾಗೆ ಇಂಥಾವು ಆರಿದ್ದವು" ಎಂದು ತೀರ್ಪು ಕೊಟ್ಟರು. ರೇಷ್ಮೆ ಸೀರೆಯುಟ್ಟು ಲಾಳಿಕೆಯ ಹಿಂದೆ ಕುಳಿತು ಫೋಟೋ ತೆಗೆಸಿಕೊಳ್ಳುವವರು ಯಾರಾದರೂ ಇದ್ದಾರೆಯೇ? ಮಾವ ಆ ಗೆಳೆಯರ ಜೊತೆ ಹದಿನೈದು ದಿನ ಮಾತು ಬಿಟ್ಟರು. ಅವರ ಮಿಲ್ಲಿನ ಶೇಂಗಾ ಎಣ್ಣೆಯನ್ನೂ ಬಿಟ್ಟರು.

ಆಮೇಲೆ ನನ್ನ ಮೊಬೈಲಿಗೆ ಗಂಟುಬಿದ್ದರು. ಹಳೆಯ ಗ್ರಾಮಾಫೋನು ಕೂಡಿಡುವವರ ವಾಟ್ಸಾಪ್ ಗುಂಪೊಂದಕ್ಕೆ ಫೋಟೋ ಹೋಯಿತು. ಅಲ್ಲಿ ಮಹಾಯುದ್ಧವೇ ನಡೆಯಿತು. ಕೊಂಬು ಒಂದು ಕಂಪನಿಯದು, ಪೆಟ್ಟಿಗೆ ಇನ್ನೊಂದರದು, ಹಿಡಿಕೆಯಂತೂ ಹೊಲಿಗೆ ಮಿಶಿನ್ನಿನದು ಎಂದು ಸಾಬೀತಾಯಿತು! ಕೊನೆಗೆ ಗುಂಪಿನ ಹಿರಿಯರೊಬ್ಬರು ಬರೆದರು: "ಹೆಂಗಸಿನ ಕೈ ಪೆಟ್ಟಿಗೆಯ ಹೆಸರಿಗೆ ಅಡ್ಡ ಬಂದಿದೆ. ಮೇಲಿಟ್ಟ ಹಾಡಿನ ಪ್ಲೇಟಿನ ಅಕ್ಷರವೂ ಕಲಸಿಹೋಗಿದೆ. ಹೆಂಗಸಿಲ್ಲದ ಫೋಟೋ ಇದ್ದರೆ ಕಳಿಸಿ."

ಓದಿ ಹೇಳಿದ್ದೇ ತಡ, ಮಾವನವರ ಮುಖ ಕೆಂಪಾಯಿತು.

"ಅಡ್ಡ ಅಂತೆ! ನಮ್ಮವ್ವ ಅಡ್ಡ ಅಂತೆ! ತೆಗಿ ತಾಯಿ, ಆ ಗುಂಪು ತೆಗಿ!"

ಗುಂಪು ತೆಗೆದೆ. ಸ್ವಲ್ಪ ಹೊತ್ತಿನ ಮೇಲೆ ಗೋಡೆಗೆ ಹೇಳುವಂತೆ ಹೇಳಿದರು: "ನಾನು ಹುಟ್ಟೋಕೆ ಮುಂಚೆ ತೆಗ್ಸಿದ್ದಾದ್ರೆ ಸರಿ ಬಿಡು. ಹುಟ್ಟಿದ ಮೇಲಿಂದಾದ್ರೆ? ಮಿಶಿನ್ ಮೇಲೆ ಕೈ ಇಟ್ಟಾಳಲ್ಲ, ನನ್ನ ಯಾಕೆ ಎತ್ಕಂಡಿಲ್ಲ?"

ಎಪ್ಪತ್ತು ದಾಟಿದ ಗಂಡಸು ಗ್ರಾಮಾಫೋನಿನ ಮೇಲೆ ಹೊಟ್ಟೆಕಿಚ್ಚು ಪಡುವುದನ್ನು ನೀವು ಎಲ್ಲಾದರೂ ನೋಡಿದ್ದೀರಾ? ನನಗೆ ನಗು ಬಂತು, ನಗಲಾಗಲಿಲ್ಲ. "ಮಿಶಿನ್ ಬಿಡಿ ಮಾವ, ಸೀರೆ ಹಿಡಿಯೋಣ" ಎಂದು ಮರುದಿನ ಮೊಳಕಾಲ್ಮೂರಿನ ಬಸ್ಸು ಹತ್ತಿಸಿದೆ. ನಾನು ಸೀರೆ ಕೊಳ್ಳುವ ನೇಕಾರರ ಮನೆ ಅಲ್ಲಿದೆ. ಮಾವ ಫೋಟೋವನ್ನು ಎರಡು ರಟ್ಟಿನ ನಡುವೆ ಇಟ್ಟು, ಅದನ್ನು ಚಪಾತಿ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. "ಯಾಕಜ್ಜಾ, ಊಟ ಮಾಡ್ಲಿಲ್ಲಾ?" ಎಂದು ಕಂಡಕ್ಟರು ಎರಡು ಸಲ ಕೇಳಿದ.

ನೇಕಾರರ ಮನೆಯ ಅಣ್ಣತಮ್ಮಂದಿರು ಮಗ್ಗದಿಂದೆದ್ದು ಬಂದು ಫೋಟೋ ನೋಡಿದರು. ಗ್ರಾಮಾಫೋನಿನ ಕಡೆ ಇಬ್ಬರೂ ಕಣ್ಣೆತ್ತಿ ನೋಡಲಿಲ್ಲ! ಅಂಚು ನೆಟ್ಟಗೆ ಕಾಣಲೆಂದು ಫೋಟೋವನ್ನೇ ತಲೆಕೆಳಗು ಹಿಡಿದರು.

"ನಮ್ಮೂರ ನೇಯ್ಗೆ ಇದು" ಎಂದ ಅಣ್ಣ.

"ಕಾದು, ಕಾದು!" ಎಂದು ಮನೆಮಾತು ತೆಲುಗಿನಲ್ಲೇ ಅಲ್ಲಗಳೆದ ತಮ್ಮ.

"ಮಿಶಿನ್ ನೋಡ್ರಿ ಸ್ವಲ್ಪ" ಎಂದರು ಮಾವ.

"ಆ ಡಬ್ಬ ಏನೋ ಬಿಡ್ರಿ ಯಜಮಾನ್ರೇ, ಸೆರಗು ನೋಡ್ರಿ!"

ಡಬ್ಬ! ಮಾವ ಎದ್ದೇ ಬಿಡುತ್ತಿದ್ದರು. ಅಷ್ಟರಲ್ಲಿ ಮೂಲೆಯಲ್ಲಿ ರಾಟೆಗೆ ನೂಲು ಸುತ್ತುತ್ತಿದ್ದ ಆ ಅಣ್ಣತಮ್ಮಂದಿರ ಮುದಿ ತಾಯಿ ಕೈ ಚಾಚಿದರು. "ಇಟ್ಲಾ ಇಯ್ಯಪ್ಪಾ." ಒಂದು ಸಲ ನೋಡಿದ್ದಷ್ಟೇ. "ಸೀಮಂತಂ ಫೋಟೋ ಕದಾ ಇದಿ!"

ನಾವು ಬಾಯಿ ಬಿಟ್ಟೆವು. ಅಜ್ಜಿ ನಮಗಾಗಿ ಕನ್ನಡಕ್ಕೆ ಬಂದರು. "ನೀವು ಕುಬುಸ ಅಂತೀರಲ್ರಿ, ಅದು. ಕೈ ನೋಡ್ರಿ, ಮೊಣಕೈ ತನಕ ಬಳೆ. ಉಡಿ ತುಂಬ್ಯಾರೆ. ಹೊಟ್ಟೆ ಕೊಂಬಿನ ಹಿಂದೆ ಸೇರ್ಕಂಡೈತೆ. ಚೊಚ್ಚಲ ಬಸುರಿ ಈಕೆ. ಆಗೆಲ್ಲಾ ಇದ್ದೋರು ಕುಬುಸಕ್ಕೆ ಹಾಡಿನ ಪೆಟ್ಟಿಗೆ ತರ್ಸೋರು."

ಎರಡು ಸಲ ಬಸುರಿಯಾದ, ಮೊಣಕೈ ತನಕ ಬಳೆ ಇಡಿಸಿಕೊಂಡ ನನಗೇ ಆ ಕೈ ಕಂಡಿರಲಿಲ್ಲ! ಹೆಸರಿಗೆ ಅಡ್ಡ ಬಂದ ಕೈಯೇ ಎಲ್ಲವನ್ನೂ ಹೇಳುತ್ತಿತ್ತು.

ಮಾವ ಫೋಟೋವನ್ನು ವಾಪಸ್ ಪಡೆದರು. ಭೂತಗನ್ನಡಿ ತೆಗೆದು ಬಹಳ ಹೊತ್ತು ನೋಡಿದರು.

"ತಾಯಿ, ಕೊಂಬು ಅಲುಗಿಲ್ಲ. ಅವ್ವ ಅಲುಗಿಲ್ಲ. ಪ್ಲೇಟೊಂದೇ ಕಲಸೈತೆ. ಯಾಕೆ ಹೇಳು?"

"ಯಾಕೆ ಮಾವ?"

"ತಿರುಗ್ತಿತ್ತು. ಫೋಟೋ ತೆಗೆಯೋವಾಗ ಹಾಡ್ತಿತ್ತು."

ವಾಪಸ್ ಬರುವಾಗ ಅದೇ ಬಸ್ಸು, ಅದೇ ಕಂಡಕ್ಟರು. ಮಾವ ಈ ಸಲ ಫೋಟೋವನ್ನು ಡಬ್ಬಿಗೆ ಹಾಕಲಿಲ್ಲ, ಕೈಯಲ್ಲೇ ಹಿಡಿದಿದ್ದರು. ಟಿಕೆಟ್ ಹರಿಯುತ್ತ ಅವನು ಬಗ್ಗಿ ನೋಡಿದ.

"ಯಾರಜ್ಜಾ ಇದು?"

ಮಿಶಿನ್ ಫೋಟೋ ಅನ್ನುತ್ತಾರೆಂದು ನಾನು ಕಾದೆ.

"ನಮ್ಮವ್ವ. ನಾನು" ಎಂದರು ಮಾವ.

ಕಂಡಕ್ಟರು ಕಣ್ಣು ಕಿರಿದು ಮಾಡಿ ಹುಡುಕಿದ. "ನೀವೆಲ್ಲಿ ಇದೀರಿ?"

"ಒಳಗಿದೀನಿ ಕಣಪ್ಪಾ. ಹಾಡು ಕೇಳ್ತಾ ಕುಂತೀನಿ."