ಅಳತೆಗೆ ನಿಂತ ಮನುಷ್ಯ

ನಗರ ಸಾರ್ವಜನಿಕ ಕಲಾ ಮಂಡಳಿಯ ನಿಯಮಾವಳಿಯ ಹನ್ನೊಂದನೆಯ ನಿಯಮ ಹೀಗಿದೆ: ‘ಅನುಮೋದಿತ ನಕ್ಷೆಯಲ್ಲಿ ಕಾಣುವುದೆಲ್ಲವೂ ನಿವೇಶನದಲ್ಲಿ ಕಾಣತಕ್ಕದ್ದು, ನಕ್ಷೆಯಲ್ಲಿ ಕಾಣದ್ದು ನಿವೇಶನದಲ್ಲಿಯೂ ಕಾಣತಕ್ಕದ್ದಲ್ಲ.’

ಈ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಮಂಡಳಿಯ ಮೊದಲ ಯೋಜನೆಯಾದ ಕಂಚಿನ ಕುದುರೆಗೆ ನಕ್ಷೆಯಲ್ಲಿ ನಾಲ್ಕು ಕಾಲುಗಳಿದ್ದವು, ಉದ್ಯಾನದಲ್ಲಿ ಮೂರು. ನಾಲ್ಕನೆಯದು ಆಗಿನ ಕಾರ್ಯದರ್ಶಿಗಳ ಮನೆಯ ಗೇಟಿಗೆ ಕಂಬವಾಗಿ ಸೇವೆ ಸಲ್ಲಿಸುತ್ತಿತ್ತು. ಕೇಳಿದಾಗ ಅವರು, ‘ಕುದುರೆ ಓಡ್ತಾ ಇದೆ, ಒಂದು ಕಾಲು ಎತ್ತಿದೆ’ ಎಂದಷ್ಟೇ ಹೇಳಿದರು. ಮನುಷ್ಯರ ದೌರ್ಬಲ್ಯವನ್ನು ದಿನಾ ಬೆಳಗಾದರೆ ಭಗವಂತನೇ ಕ್ಷಮಿಸುತ್ತಿರುವಾಗ ಮಂಡಳಿಯ ಪಾಡೇನು? ಅದೂ ಕ್ಷಮಿಸಿತು. ಜೊತೆಗೆ ನಿಯಮವನ್ನೂ ಮಾಡಿತು.

ಮಂಡಳಿಯ ನಕ್ಷೆಗಾರ ದೇವರಿಗೆ ಹೆದರಿ ನಡೆಯುವ ಮನುಷ್ಯ. ದೇವರಾದ ಮೇಲೆ ಹೆಂಡತಿಗೆ, ಆಮೇಲೆ ಮೇಲಧಿಕಾರಿಗಳಿಗೆ ಹೆದರುತ್ತಿದ್ದ. ಮೂವತ್ತಮೂರು ವರ್ಷದ ಸೇವೆ, ನಿವೃತ್ತಿಗೆ ಇನ್ನು ಎಂಟೇ ತಿಂಗಳು. ಬೆಳಿಗ್ಗೆ ಕಣ್ಣು ಮುಚ್ಚಿ ಒಂದು ಕ್ಷಣ ಕೈ ಮುಗಿದು, ಪೆನ್ಸಿಲ್ ಚೂಪು ಮಾಡಿಕೊಂಡು ಕುಳಿತನೆಂದರೆ ಗೆರೆ ಕೂದಲೆಳೆಯಷ್ಟೂ ಅತ್ತಿತ್ತ ಆಗುತ್ತಿರಲಿಲ್ಲ. ಅವನಿಗೊಂದು ಅಭ್ಯಾಸವಿತ್ತು. ಏನನ್ನೇ ಬರೆಯಲಿ, ಅದರ ಪಕ್ಕದಲ್ಲಿ ಒಬ್ಬ ಪುಟ್ಟ ಮನುಷ್ಯನನ್ನು ನಿಲ್ಲಿಸುತ್ತಿದ್ದ. ಎಡಗಾಲು ಒಂದಿಷ್ಟು ಮುಂದೆ, ಕೈಯಲ್ಲಿ ಮಡಚಿದ ಕೊಡೆ. ಬರೆದ ವಸ್ತು ಎಷ್ಟು ದೊಡ್ಡದೆಂದು ನೋಡುವವರಿಗೆ ತಿಳಿಯಲಿ ಎಂದು. ಹಿಂದೆ ಬೇರೆ ಇಲಾಖೆಯಲ್ಲಿದ್ದಾಗ ಈ ಮನುಷ್ಯ ನೀರಿನ ಟ್ಯಾಂಕುಗಳ ಪಕ್ಕ, ಮೋರಿಗಳ ಪಕ್ಕ, ಸಾರ್ವಜನಿಕ ಶೌಚಾಲಯಗಳ ಪಕ್ಕ ಮೂವತ್ತು ವರ್ಷ ನಿಂತಿದ್ದ. ಯಾರೂ ಅವನನ್ನು ವಿಚಾರಿಸಿರಲಿಲ್ಲ.

ಬಸ್ ನಿಲ್ದಾಣದ ಮುಂದಿನ ವೃತ್ತಕ್ಕೆ ಮಂಜೂರಾದದ್ದು ‘ಹಾರಲು ಸಿದ್ಧವಾದ ಹಕ್ಕಿ’ ಎಂಬ ಉಕ್ಕಿನ ಶಿಲ್ಪ. ಎತ್ತರ ನಲವತ್ತನಾಲ್ಕು ಅಡಿ. ನಕ್ಷೆಯಲ್ಲಿ ಹಕ್ಕಿ ಎಂಟು ಇಂಚು, ಪಕ್ಕದ ಮನುಷ್ಯ ಒಂದಿಂಚು. ಶಿಲ್ಪಿಯಾದ ಹೆಂಗಸು ಎರಡು ವರ್ಷ ಬೆವರು ಸುರಿಸಿ ಹಕ್ಕಿಯನ್ನು ಎಬ್ಬಿಸಿ ನಿಲ್ಲಿಸಿದಳು. ಅಂತಿಮ ತಪಾಸಣೆಗೆ ಮೂರನೆಯ ಸದಸ್ಯರು ಬಂದರು. ಎಲ್ಲ ಕಾಗದಗಳಲ್ಲೂ ಮೂರನೆಯ ಸಹಿ ಅವರದಾದ್ದರಿಂದ ಊರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿತ್ತು. ಅವರು ನಕ್ಷೆ ಹಿಡಿದು ಕೇಳುತ್ತ ಹೋದರು, ನಕ್ಷೆಗಾರ ಉತ್ತರಿಸುತ್ತ ಹೋದ.

“ಕೊಕ್ಕು?”

“ಇದೆ ಸಾರ್.”

“ರೆಕ್ಕೆ?”

“ಎರಡು.”

“ಕಾಲು?”

“ಎರಡೂ ಇವೆ ಸಾರ್. ಬೇಕಾದ್ರೆ ಮುಟ್ಟಿ ನೋಡಿ.”

ಮೂರನೆಯ ಸದಸ್ಯರು ಮುಟ್ಟಿ ನೋಡಿ ಗುರುತು ಹಾಕಿದರು. “ಮನುಷ್ಯ?”

“ಯಾವ ಮನುಷ್ಯ ಸಾರ್?”

“ಈ ಕೊಡೆ ಹಿಡ್ಕೊಂಡಿರೋ ಮನುಷ್ಯ.”

ನಕ್ಷೆಗಾರ ಬಗ್ಗಿ ನಕ್ಷೆ ನೋಡಿದ. “ಸಾರ್, ಅವನು ಬರೀ ಅಳತೆಗೆ. ಹಕ್ಕಿ ಎಷ್ಟು ದೊಡ್ಡದು ಅಂತ ಗೊತ್ತಾಗ್ಲಿ ಅಂತ ಹಾಕೋದು.”

“ನಮಗೆ ಮಾತ್ರ ಗೊತ್ತಾದ್ರೆ ಸಾಕಾ? ಸಾರ್ವಜನಿಕರಿಗೆ ಗೊತ್ತಾಗೋದು ಬೇಡ್ವಾ?” ಎಂದು ಮೂರನೆಯ ಸದಸ್ಯರು ಬಹಳ ಮೃದುವಾಗಿ ಕೇಳಿದರು.

ಮಂಡಳಿ ತುರ್ತು ಸಭೆ ಸೇರಿತು. ಮನುಷ್ಯನಿಲ್ಲದ ಶಿಲ್ಪ ಅಪೂರ್ಣವೆಂದೂ, ಸದರಿ ಮನುಷ್ಯನನ್ನು ಕಲ್ಲಿನಲ್ಲಾಗಲಿ ಲೋಹದಲ್ಲಾಗಲಿ ಮಾಡಿದರೆ ಅದು ಮನುಷ್ಯನಾಗದೆ ಎರಡನೆಯ ಶಿಲ್ಪವಾಗುವುದೆಂದೂ ತೀರ್ಮಾನಿಸಲಾಯಿತು. ಸಂಜೆಯೊಳಗೆ ನಕ್ಷೆಗಾರನ ಕೈಗೆ ನೋಟಿಸು ಬಂತು: ‘ಹದಿನಾಲ್ಕು ದಿನಗಳೊಳಗೆ ತಾವು ಬರೆದ ಮನುಷ್ಯನನ್ನು ತಾವೇ ಒದಗಿಸತಕ್ಕದ್ದು. ತಪ್ಪಿದಲ್ಲಿ, ಅಥವಾ ಒದಗಿಸಿದ ಮನುಷ್ಯ ತಮ್ಮ ಸೇವಾವಧಿಯಲ್ಲಿ ಜಾಗ ಬಿಟ್ಟು ಕದಲಿದಲ್ಲಿ, ತಮ್ಮ ನಿವೃತ್ತಿ ಕಾಗದಗಳಿಗೆ ಸಹಿ ಆಗತಕ್ಕದ್ದಲ್ಲ.’

ಅವನು ಮನೆಗೆ ಬಂದು ನೋಟಿಸನ್ನು ಹೆಂಡತಿಯ ಕೈಗೆ ಕೊಟ್ಟು, ಚಪ್ಪಲಿಯನ್ನೂ ಬಿಡದೆ ಕುಳಿತುಬಿಟ್ಟ. ಅವಳು ಎರಡು ಸಲ ಓದಿದಳು. ಆಮೇಲೆ ತಲೆಯೆತ್ತಿ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಅಲ್ಲಿ ಚೌಕಟ್ಟಿಗೆ ಒರಗಿಕೊಂಡು ಅವಳ ತಮ್ಮ ನಿಂತಿದ್ದ. ಬಾಗಿಲು, ಗೋಡೆ, ವಿದ್ಯುತ್ ಕಂಬ, ಯಾವುದು ಸಿಕ್ಕಿದರೂ ಒರಗಿ ನಿಲ್ಲುವುದು ಹುಟ್ಟಿದಾಗಿನಿಂದ ಬಂದ ಗುಣ. ಹೀಗಾಗಿ ಎಲ್ಲರ ಬಾಯಲ್ಲೂ ಅವನು ಕಂಬಣ್ಣ. ಕೆಲಸ ಹುಡುಕುತ್ತೇನೆಂದು ಅಕ್ಕನ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು.

“ಮನುಷ್ಯ ಬೇಕಂತೆ,” ಅಂದಳು ಅವಳು. “ನಿಂತೇ ಇರೋನು.”

ನಕ್ಷೆಗಾರನೂ ಆ ಕಡೆ ತಿರುಗಿದ.

“ಭಾವ, ಕೆಲಸ ಏನು?” ಕಂಬಣ್ಣ ಕೇಳಿದ.

“ನಿಲ್ಲೋದು.”

“ನಿಂತ್ಕೊಂಡು ಏನ್ಮಾಡ್ಬೇಕು?”

“ಏನೂ ಮಾಡಬಾರದು. ಮಾಡಿದ್ರೆ ಉಲ್ಲಂಘನೆ ಆಗತ್ತೆ.”

“ಅನುಭವ ಕೇಳ್ತಾರಾ?”

“ಕೇಳಿದ್ರೆ ನಾನ್ ಬರ್ಕೊಡ್ತೀನಿ, ನಲವತ್ತು ವರ್ಷದ್ದಿದೆ ಅಂತ!” ಎಂದಳು ಅಕ್ಕ. ಆ ದಿನ ಆ ಮನೆಯಲ್ಲಿ ಬಹಳ ಕಾಲದ ಮೇಲೆ ಮೂವರೂ ಒಟ್ಟಿಗೆ ನಕ್ಕರು. ಒಂಬತ್ತು ವರ್ಷ ಒಬ್ಬನಿಗೆ ಯಾವ ಕೆಲಸವನ್ನೂ ಕೊಡದೆ ಕಾದಿರಿಸಿದ ದಯಾಮಯನ ಲೆಕ್ಕಾಚಾರ ನಮ್ಮಂಥವರಿಗೆ ತಿಳಿಯುವಂಥದ್ದಲ್ಲ.

ಕಂಬಣ್ಣ ಆಯ್ಕೆಯಾದ. ಹುದ್ದೆಯ ಹೆಸರು ‘ಮಾಪಕ ಮನುಷ್ಯ, ದರ್ಜೆ ನಾಲ್ಕು’. ಕೊಡೆ ಪೂರೈಸುವ ಗುತ್ತಿಗೆ ಮೂರನೆಯ ಸದಸ್ಯರ ಅಳಿಯನಿಗೆ ಸಿಕ್ಕಿತು. ನಕ್ಷೆಯಲ್ಲಿ ಕೊಡೆ ಮಡಚಿದೆ, ಅದನ್ನು ಎಂದೂ ಬಿಚ್ಚುವಂತಿಲ್ಲ. ಆದ್ದರಿಂದ ಅಳಿಯ ಒಂದು ದೊಣ್ಣೆಗೆ ಕಪ್ಪು ಬಟ್ಟೆ ಸುತ್ತಿ ತಂದುಕೊಟ್ಟ. ಅಂಥದ್ದೇ ಇನ್ನೂರು ದೊಣ್ಣೆಗಳನ್ನು ಮುಂದಿನ ಮಳೆಗಾಲಗಳಿಗೆಂದು ಉಗ್ರಾಣದಲ್ಲಿ ಇಡಲಾಯಿತು.

ಒಂದೇ ಒಂದು ತೊಡಕು ಉಳಿಯಿತು. ನಕ್ಷೆಯ ಪ್ರಕಾರ ಮನುಷ್ಯನ ಎತ್ತರ ಐದೂವರೆ ಅಡಿ. ಕಂಬಣ್ಣ ಅದಕ್ಕಿಂತ ಒಂದಿಂಚು ಗಿಡ್ಡ.

“ಒಂದಿಂಚು ತಾನೆ?” ಎಂದಳು ಶಿಲ್ಪಿ.

“ಇಲ್ಲಿ ಒಂದಿಂಚು, ಅಲ್ಲಿ ಎಂಟು,” ಎಂದರು ಮಂಡಳಿಯ ಅಧ್ಯಕ್ಷೆ ಹಕ್ಕಿಯತ್ತ ಬೆರಳು ತೋರಿಸಿ. “ಮನುಷ್ಯನ್ನ ಎಳೆದು ಉದ್ದ ಮಾಡೋದು ಮಾನವೀಯ ಅಲ್ಲ. ಮೇಲಿಂದ ಎಂಟಿಂಚು ತೆಗೀರಿ.”

“ಮೇಲಿರೋದು ಕೊಕ್ಕು ಮೇಡಂ! ಅದನ್ನ ಕತ್ತರಿಸಿದ್ರೆ ನನ್ನ ಹಕ್ಕಿ ಶೀತ ಆಗಿರೋ ಕೋಳಿ ಥರ ಕಾಣತ್ತೆ!”

“ಕಾಣ್ಲಿ. ಪ್ರಮಾಣ ಸರಿ ಇರತ್ತಲ್ಲ.”

ಕೊಕ್ಕಿನ ತುದಿ ಇಳಿಯಿತು. ಆ ತುಂಡು ಈಗಲೂ ಅಧ್ಯಕ್ಷೆಯವರ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುತ್ತಿದೆ. ಉದ್ಘಾಟನೆಯೂ ಆಯಿತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಹಕ್ಕಿಯ ಪಕ್ಕ ಕಂಬಣ್ಣ ಎಡಗಾಲು ಮುಂದಿಟ್ಟು ನಿಲ್ಲತೊಡಗಿದ. ಭಾನುವಾರ ಅವನಿಗೆ ರಜೆ; ಅಂದು ಹಕ್ಕಿಗೆ ಮುಸುಕು ಹಾಕಿ ‘ಕಲಾಕೃತಿ ರಜೆಯಲ್ಲಿದೆ’ ಎಂಬ ಫಲಕ ತೂಗುಹಾಕುತ್ತಿದ್ದರು.

ಇಷ್ಟರಲ್ಲೇ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಆದರೆ ಒರಗಿ ನಿಲ್ಲುವುದು ಬೇರೆ, ಬರಿದೆ ನಿಲ್ಲುವುದು ಬೇರೆ. ಅದು ಕಂಬಣ್ಣನಿಗೆ ಮೂರನೆಯ ವಾರದಲ್ಲಿ ತಿಳಿಯಿತು.

“ಭಾವ, ನೀನು ನಕ್ಷೇಲಿರೋ ಮನುಷ್ಯನಿಗೆ ಒಂದು ಗೋಡೆನಾದ್ರೂ ಬರೀಬಾರದಿತ್ತಾ?” ರಾತ್ರಿ ಊಟದ ತಟ್ಟೆ ಮುಂದಿಟ್ಟುಕೊಂಡು ಅವನು ಕೇಳಿದ. “ಮೂವತ್ತು ವರ್ಷದಿಂದ ನಿಲ್ಲಿಸ್ತಾ ಇದೀಯ. ಒಂದು ದಿನಾನಾದ್ರೂ ಆ ಮನುಷ್ಯನಿಗೆ ಕಾಲು ನೋಯ್ತಾ ಇರಬಹುದು ಅಂತ ಅನ್ನಿಸ್ಲಿಲ್ವಾ?”

ನಕ್ಷೆಗಾರನ ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. ಅನ್ನಿಸಿರಲಿಲ್ಲ. ಟ್ಯಾಂಕಿನ ಎತ್ತರ ಸರಿಯಿದೆಯೇ ಎಂದು ನೂರು ಸಲ ನೋಡಿದ್ದ, ಆ ಮನುಷ್ಯನ ಮುಖಕ್ಕೆ ಕಣ್ಣು ಮೂಗನ್ನೂ ಬರೆದಿರಲಿಲ್ಲ.

“ಇನ್ನು ಏಳು ತಿಂಗಳು ಕಣೋ,” ಎಂದ ಮೆಲ್ಲಗೆ. “ನನ್ನ ಕಾಗದ ಆಗೋವರೆಗೆ ನಿಂತ್ಕೊ. ಆಮೇಲೆ ಏನಾದ್ರೂ ಮಾಡೋಣ.”

“ಏಳು ತಿಂಗಳು ಬೇಕಾದ್ರೆ ನೀನೇ ಹೋಗಿ ನಿಂತ್ಕೊ!”

ಅಕ್ಕ ಇಬ್ಬರ ತಟ್ಟೆಗೂ ಇನ್ನೊಂದು ಸೌಟು ಬಡಿಸಿ ಬಾಯಿ ಮುಚ್ಚಿಸಿದಳು.

ಮರುದಿನ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಕಂಬಣ್ಣ ಹಕ್ಕಿಯ ಕಟ್ಟೆಯ ಅಂಚಿನ ಮೇಲೆ ಕುಳಿತುಬಿಟ್ಟ. ಡಬ್ಬಿ ಬಿಚ್ಚಿ ಊಟ ಶುರುಮಾಡಿದ. ಎದುರಿನ ಬಸ್ ನಿಲ್ದಾಣದಲ್ಲಿ ನಿವೃತ್ತ ಲೆಕ್ಕದ ಮೇಷ್ಟ್ರೊಬ್ಬರು ದಿನವೂ ಬಂದು ಕೂರುತ್ತಿದ್ದರು. ಮನೆಯಲ್ಲಿ ಅವರೊಂದಿಗೆ ಮಾತಾಡಲು ಯಾರೂ ಇರಲಿಲ್ಲ. ಜೇಬಿನಲ್ಲಿ ಅಳತೆಪಟ್ಟಿ ಇತ್ತು. ಎದ್ದು ಬಂದು, ಉಣ್ಣುತ್ತಿದ್ದವನ ನೆತ್ತಿಯವರೆಗೆ ಅಳೆದು, ಮಂಡಳಿಗೆ ದೂರು ಬರೆದರು: ‘ಕುಳಿತಾಗ ಮನುಷ್ಯನ ಎತ್ತರ ಎರಡಡಿ ಕಡಿಮೆಯಾಗುತ್ತದೆ. ಆದರೆ ಹಕ್ಕಿ ಇದ್ದಷ್ಟೇ ಇರುತ್ತದೆ. ಮಧ್ಯಾಹ್ನ ಒಂದರಿಂದ ಒಂದೂವರೆಯವರೆಗೆ ನಾಗರಿಕರಿಗೆ ತಪ್ಪು ಅಳತೆ ತೋರಿಸಲಾಗುತ್ತಿದೆ.’

ನಕ್ಷೆಗಾರನನ್ನು ಸಭೆಗೆ ಕರೆಸಿದರು. ಮೇಜಿನ ಮೇಲೆ ಅವನ ನಿವೃತ್ತಿ ಕಡತ, ಅದರ ಮೇಲೆ ಹಕ್ಕಿಯ ಕೊಕ್ಕು. ಅವನು ಮನಸ್ಸಿನಲ್ಲೇ, ‘ತಂದೇ, ಇವರಿಗೆ ಬುದ್ಧಿ ಕೊಡು’ ಎಂದು ಬೇಡಿಕೊಂಡ. ಬೇಡಿದ್ದನ್ನು ಬೇಡಿದಂತೆಯೇ ಕೊಡುವುದು ದೇವರ ರೀತಿಯಲ್ಲ. ಆತ ಅದಕ್ಕಿಂತ ಒಳ್ಳೆಯದನ್ನು ಕೊಡುತ್ತಾನೆ.

“ಜಾಗ ಬಿಟ್ಟು ಕದಲಿದ್ದಾನಾ?” ಅಧ್ಯಕ್ಷೆ ಕೇಳಿದರು.

“ಇಲ್ಲ ಮೇಡಂ, ಕೂತಿದ್ದಾನೆ ಅಷ್ಟೆ.”

“ಹಾಗಾದ್ರೆ ಅವನದೇನೂ ತಪ್ಪಿಲ್ಲ. ತಪ್ಪು ಹಕ್ಕೀದು.” ಅವರು ಕಡತದ ಮೇಲೆ ಬರೆದರು: ‘ಮನುಷ್ಯ ಕುಳಿತಾಗ ಹಕ್ಕಿಯೂ ಕೂರತಕ್ಕದ್ದು.’

ಆ ಕಡತ ಓಡಿದಷ್ಟು ವೇಗವಾಗಿ ಮಂಡಳಿಯಲ್ಲಿ ಮತ್ತಾವುದೂ ಓಡಿದ್ದಿಲ್ಲ, ಕುದುರೆಯೂ ಸೇರಿದಂತೆ. ಹಕ್ಕಿಯ ಕೆಳಗೆ ಹದಿನಾರು ಅಡಿ ಹಳ್ಳ ತೋಡಿ ಯಂತ್ರ ಕೂರಿಸಿದರು. ಅದನ್ನು ನಡೆಸಲು ಮೂರನೆಯ ಸದಸ್ಯರ ಅಳಿಯ, ಅಳಿಯನಿಗೆ ಒಬ್ಬ ಸಹಾಯಕ, ಸಹಾಯಕ ಬಾರದ ದಿನಕ್ಕೆ ಇನ್ನೊಬ್ಬ. ಒಂದು ಗಂಟೆಗೆ ಕಂಬಣ್ಣ ಕುಳಿತ ಕೂಡಲೇ ಅಳಿಯ ಗುಂಡಿ ಒತ್ತುತ್ತಿದ್ದ. ಉಕ್ಕಿನ ಹಕ್ಕಿ ಗೊರಗೊರ ಸದ್ದು ಮಾಡುತ್ತ, ಕಾಲುಗಳನ್ನು ನೆಲದೊಳಗೆ ಇಳಿಸಿ, ಮೊಟ್ಟೆಗೆ ಕಾವು ಕೊಡುವಂತೆ ಹೊಟ್ಟೆ ಊರಿ ಕೂರುತ್ತಿತ್ತು. ಒಂದೂವರೆಗೆ ಇಬ್ಬರೂ ಏಳುತ್ತಿದ್ದರು. ಚಪ್ಪಲಿ ಸರಿಮಾಡಲು ಕಂಬಣ್ಣ ಬಗ್ಗಿದರೆ ಅಳಿಯ ಗಾಬರಿಯಿಂದ ಗುಂಡಿ ಒತ್ತಿ ಹಕ್ಕಿಯನ್ನೂ ಬಗ್ಗಿಸುತ್ತಿದ್ದ. ಒಮ್ಮೆ ಕಂಬಣ್ಣನಿಗೆ ಏಳು ಸೀನು ಒಟ್ಟಿಗೆ ಬಂದವು. ಇಡೀ ವೃತ್ತದ ವಾಹನಗಳು ನಿಂತವು. ನಲವತ್ತಮೂರು ಅಡಿಯ ಹಕ್ಕಿ ಏಳು ಸಲ ತಲೆದೂಗುವುದನ್ನು ಕಂಡು ಬಸ್ಸಿನೊಳಗಿನ ಅಜ್ಜಿಯೊಬ್ಬಳು ಕೈ ಮುಗಿದಳು. ಜನ ಗಡಿಯಾರ ನೋಡುವುದನ್ನೇ ಬಿಟ್ಟರು. “ಹಕ್ಕಿ ಕೂತಾಯ್ತಾ?” ಎಂದು ಕೇಳಿಕೊಂಡು ಊಟಕ್ಕೆ ಏಳುತ್ತಿದ್ದರು.

ಆದರೂ ದಿನಕ್ಕೆ ಅರ್ಧ ಗಂಟೆ ಮಾತ್ರ ಕೂರಬಹುದಿತ್ತು. ಉಳಿದ ಹೊತ್ತೆಲ್ಲ ನಿಲ್ಲಬೇಕು, ಬಿಸಿಲಿಗೆ ಕೊಡೆ ಬಿಚ್ಚುವಂತಿಲ್ಲ. ಬಿಚ್ಚೋಣವೆಂದರೆ ಅದು ದೊಣ್ಣೆ. ಭಾವನ ಕಾಗದಕ್ಕಾಗಿ ಕಂಬಣ್ಣ ಹಲ್ಲು ಕಚ್ಚಿ ನಿಂತ. ರಾತ್ರಿ ನಕ್ಷೆಗಾರ ತಾನೇ ಎಣ್ಣೆ ಬಿಸಿ ಮಾಡಿ ಅವನ ಕಾಲು ಒತ್ತುತ್ತಿದ್ದ.

ನಕ್ಷೆಗಾರನ ಸೇವೆಯ ಕೊನೆಯ ದಿನ ಬಂತು. ಬೆಳಿಗ್ಗೆ ಹನ್ನೊಂದಕ್ಕೆ ಅಧ್ಯಕ್ಷೆ ಕಾಗದಗಳಿಗೆ ಸಹಿ ಹಾಕಿ ಅವನ ಕೈಗಿತ್ತರು. ಹಿಂದೆಯೇ, “ಹೋಗೋ ಮುಂಚೆ ಒಂದು ನಕ್ಷೆ ಮಾಡ್ಕೊಟ್ಟು ಹೋಗಿ,” ಎಂದರು. “ವೃತ್ತದ ಎರಡನೇ ಹಂತ. ಇವತ್ತು ಅನುಮೋದನೆ ಆಗ್ಲಿಲ್ಲ ಅಂದ್ರೆ ಯೋಜನೆ ಕೈತಪ್ಪತ್ತೆ.”

“ಯಾವ ಶಿಲ್ಪ ಮೇಡಂ?”

“ಅದನ್ನೆಲ್ಲ ಆಮೇಲೆ ನೋಡೋಣ. ನಕ್ಷೆ ನಾಲ್ಕು ಗಂಟೆಗೆ ಬೇಕು.”

ನಕ್ಷೆಗಾರ ಕಣ್ಣು ಮುಚ್ಚಿ ಕೈ ಮುಗಿದ. ಪೆನ್ಸಿಲ್ ಚೂಪು ಮಾಡಿದ. ಆ ದಿನ ಅವನು ಊಟಕ್ಕೂ ಏಳಲಿಲ್ಲ. ನಾಲ್ಕಕ್ಕೆ ಐದು ನಿಮಿಷವಿರುವಾಗ ನಕ್ಷೆ ಸಭೆಯ ಮೇಜು ಸೇರಿತು. ಸದಸ್ಯರು ಮಡಿಕೆಯನ್ನೂ ಪೂರ್ತಿ ಬಿಡಿಸದೆ, ತಿದ್ದುಪಡಿ ಇಲ್ಲದೆ, ಸರ್ವಾನುಮತದಿಂದ ಒಪ್ಪಿದರು. ಮೂರನೆಯ ಸಹಿ ಮೂರನೆಯದಾಗಿ ಬಿತ್ತು.

ಹಳೆಯದರ ಬದಲು ಜಾರಿಗೆ ಬಂದ ಈ ನಕ್ಷೆಯಂತೆ ವೃತ್ತದಲ್ಲಿ ಹಕ್ಕಿಯ ಪಕ್ಕ ಒಂದು ಉದ್ದನೆಯ ಬೆಂಚು ಬಂತು. ಒರಗಲು ಎತ್ತರದ ಬೆನ್ನು ಇತ್ತು. ಬೆಂಚಿನ ಹಿಂದೆ ನೆರಳಿನ ಮರ, ಮಗ್ಗುಲಲ್ಲಿ ನೀರಿನ ಹೂಜಿ. ಬೆಂಚಿನ ಮೇಲೆ ಕಂಬಣ್ಣ, ಕೈಯಲ್ಲಿ ಬಿಚ್ಚಿದ ಕೊಡೆ. ಅದು ಬಿಚ್ಚಿಕೊಳ್ಳಲೇಬೇಕಾದ್ದರಿಂದ ಅಂಗಡಿಯಿಂದ ನಿಜವಾದ ಕೊಡೆಯನ್ನೇ ತಂದರು. ಅವನ ಪಕ್ಕ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಒಬ್ಬ ವಯಸ್ಸಾದ ಮನುಷ್ಯ. ಅವನ ಪಕ್ಕ ಊಟದ ಡಬ್ಬಿ ಹಿಡಿದ ಒಬ್ಬ ಹೆಂಗಸು. ಈ ಸಲ ಎಲ್ಲರಿಗೂ ಕಣ್ಣು ಮೂಗು ಬರೆದಿತ್ತು. ಹೀಗಾಗಿ ಬೇರೆ ಯಾರನ್ನೂ ನೇಮಿಸಲು ಸಾಧ್ಯವಾಗಲಿಲ್ಲ.

ಕಂಬಣ್ಣ ದಿನವಿಡೀ ಕುಳಿತಿದ್ದರಿಂದ ಹಕ್ಕಿಯೂ ದಿನವಿಡೀ ಕುಳಿತೇ ಇತ್ತು. ಸುತ್ತೋಲೆಯ ಮೂಲಕ ಅದರ ಹೆಸರನ್ನು ‘ಹಾರಿ ಬಂದ ಹಕ್ಕಿ’ ಎಂದು ತಿದ್ದಲಾಯಿತು. ಶಿಲ್ಪಿ ಬಂದು ಬಹಳ ಹೊತ್ತು ನೋಡಿ, ಕೊಕ್ಕು ಮೊಂಡಾದ ಮೇಲೆ ಇದೇ ಮೊದಲ ಸಲ ಅದರ ಮುಖದಲ್ಲಿ ಒಂದು ಕಳೆ ಬಂದಿದೆ ಎಂದಳು.

ಮೊದಲ ದಿನವೇ ಲೆಕ್ಕದ ಮೇಷ್ಟ್ರು ಅಳತೆಪಟ್ಟಿ ಹಿಡಿದು ಬಂದರು. ಮರ ಅಳೆದರು, ಹೂಜಿ ಅಳೆದರು, ಮೂವರ ನೆತ್ತಿಯನ್ನೂ ಅಳೆದರು. ತಪಾಸಣೆಗೆ ಬಂದಿದ್ದ ಮೂರನೆಯ ಸದಸ್ಯರ ಕಡೆ ತಿರುಗಿ, “ಎಲ್ಲ ಸರಿ. ಆದ್ರೆ ಎರಡನೇ ಹಂತದ ಕಲಾಕೃತಿ ಎಲ್ಲಿ?” ಎಂದರು.

ಮೂರನೆಯ ಸದಸ್ಯರು ನಕ್ಷೆಯನ್ನು ಆ ಬದಿ ಈ ಬದಿ ತಿರುಗಿಸಿ ನೋಡಿದರು. “ನಕ್ಷೆಯಲ್ಲಿಲ್ಲ,” ಎಂದರು ಸಮಾಧಾನದಿಂದ. “ಇದ್ದಿದ್ರೆ ಉಲ್ಲಂಘನೆ ಆಗ್ತಿತ್ತು.”

ಮೇಷ್ಟ್ರು ಒಪ್ಪಿದರು. ಆದರೆ ಅವರ ಕಣ್ಣು ಬೆಂಚಿನ ತುದಿಗೆ ಹೋಯಿತು. ಅಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. “ಹಾಗಾದ್ರೆ ಇದೇನು? ನಕ್ಷೆಯಲ್ಲಿ ಇಲ್ಲಿ ಯಾರೂ ಇಲ್ವಾ?”

ನಕ್ಷೆಗಾರ ಮೆಲ್ಲನೆ ನಕ್ಕು ನಕ್ಷೆಯ ಕೊನೆಯ ಮಡಿಕೆ ಬಿಡಿಸಿ ತೋರಿಸಿದ. ಬೆಂಚಿನ ತುದಿಯಲ್ಲಿ ಒಂದಿಂಚಿನ ಮುದುಕರೊಬ್ಬರು ಕುಳಿತಿದ್ದರು, ಕೈಯಲ್ಲಿ ಅಳತೆಪಟ್ಟಿ.

“ಬನ್ನಿ ಮೇಷ್ಟ್ರೇ, ಬೇಗ ಕೂತ್ಕೊಳ್ಳಿ,” ಎಂದು ಅಕ್ಕ ಡಬ್ಬಿಯ ನಾಲ್ಕನೆಯ ಪದರ ತೆರೆದಳು. “ನಿಮ್ಮಿಂದ ಉಲ್ಲಂಘನೆ ಆಗ್ತಾ ಇದೆ.”

ಮೇಷ್ಟ್ರು ಅಳತೆಪಟ್ಟಿ ಸುತ್ತಿಕೊಂಡು ಕುಳಿತರು. ಮೂರನೆಯ ಸದಸ್ಯರು ಕೊನೆಯ ಗುರುತು ಹಾಕಿದರು.