ಎಲ್ಲದಕ್ಕೂ ‘ನೆ’

ಗಂಡನಿಗೆ ಮಾತು ಹೋಯಿತು ಎಂಬುದನ್ನು ವೆನಾ ಹೇಗೋ ಹಲ್ಲು ಕಚ್ಚಿ ಒಪ್ಪಿಕೊಂಡಿದ್ದಳು. ಒಪ್ಪಲಾಗದೆ ಹೋದದ್ದು ಬೇರೆಯೇ ಸಂಗತಿ. ಜನ್ಮವಿಡೀ ಆಡಿದ ಅಷ್ಟೊಂದು ಮಾತುಗಳಲ್ಲಿ ಅವನ ಬಾಯಲ್ಲಿ ಉಳಿದದ್ದು ಒಂದೇ ಒಂದು. ಅದು ‘ನೆ’ಯೇ ಯಾಕಾಗಬೇಕಿತ್ತು? (ನಮ್ಮ ಬಲ್ಗೇರಿಯನ್ ಭಾಷೆಯಲ್ಲಿ ‘ನೆ’ ಎಂದರೆ ಬೇಡ, ಇಲ್ಲ, ಒಲ್ಲೆ, ಆಗುವುದಿಲ್ಲ. ಗಂಡಂದಿರ ಅನುಕೂಲಕ್ಕೆಂದೇ ಯಾರೋ ಕಟ್ಟಿದ ಮಾತಿರಬೇಕು.)

ಅವಳ ಗಂಡ ಸ್ತಾಮೆನ್ ಸಾಮಾನ್ಯ ಬಾಯಿಯವನಲ್ಲ. ಗೋರ್ನಾ ಒರ್ಯಾಹೊವಿತ್ಸಾ ಜಂಕ್ಷನ್ನಿನಲ್ಲಿ ರೈಲುಗಳು ಬರುವ ಹೋಗುವ ಹೊತ್ತನ್ನು ಮೈಕಿನಲ್ಲಿ ಸಾರುತ್ತಿದ್ದವನು. ವರ್ನಾ ರೈಲು ತಡವಾಗಿ ಬರಲಿದೆ ಎಂದು ಅವನು ಹೇಳಿದರೆ, ತಡವಾದದ್ದೇ ಒಂದು ಗೌರವ ಅನ್ನಿಸುತ್ತಿತ್ತು. ಮನೆಯಲ್ಲೂ ಅದೇ ಗಂಟಲು, ಅದೇ ಗಾಂಭೀರ್ಯ. ಊರಿನವರು ವೆನಾಳ ಹೆಸರಿನ ಮೊದಲ ಅಕ್ಷರವನ್ನು ಯಾವಾಗಲೋ ತಿಂದು ಹಾಕಿ, ಉಳಿದ ಬಾಲವನ್ನು ಮಾತ್ರ ಅವಳಿಗೆ ಬಿಟ್ಟಿದ್ದರು. ಹೂವೊಂದರಿಂದ ಬಂದ ಆ ಹೆಸರನ್ನು ಪೂರ್ತಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ ಕರೆಯುತ್ತಿದ್ದವನು ಸ್ತಾಮೆನ್ ಒಬ್ಬನೇ.

“ರೈಲ್ವೆಯವನು ನಾನು. ನಿಲ್ದಾಣದ ಹೆಸರನ್ನ ಅರ್ಧ ಮಾಡೋ ಅಧಿಕಾರ ನನಗಿಲ್ಲ,” ಎನ್ನುತ್ತಿದ್ದ.

ಹೋದ ಶರತ್ಕಾಲದಲ್ಲಿ, ಊರಿನ ಅಂಗಳಗಳೆಲ್ಲ ದೊಣ್ಣೆಮೆಣಸು ಸುಡುವ ಹೊಗೆಯಲ್ಲಿ ಮುಳುಗಿದ್ದಾಗ, ಸ್ತಾಮೆನ್ ಕೈಯಿಂದ ಇಕ್ಕುಳ ಜಾರಿತು. ಮೆಣಸು ಸೀದು ಕರಕಾಯಿತು. “ಒಂದು ಕೆಲಸ ಹೇಳಿದ್ರೆ ನೆಟ್ಟಗೆ ಮಾಡೋಕಾಗಲ್ವಾ ನಿನಗೆ?” ಎಂದು ವೆನಾ ಬೈಯುತ್ತಲೇ ಬಂದಳು. ಅವನ ಬಾಯಿ ಒಂದು ಕಡೆಗೆ ವಾಲಿತ್ತು. ಅವನಿಗೆ ಮಾತು ಹೋಗುವ ಹೊತ್ತಿಗೆ ಅವಳು ಹೇಳುತ್ತಿದ್ದದ್ದು ಸೀದ ಮೆಣಸಿನ ವಿಷಯ. ಅದನ್ನು ನೆನೆದಾಗಲೆಲ್ಲ ಅವಳಿಗೆ ಊಟ ಇಳಿಯುತ್ತಿರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೆರೆಹೊರೆಯವರು ಸಾಲುಗಟ್ಟಿದರು. ಪಕ್ಕದ ಮನೆಯ ಗಿನ್ಕಾ ಬಾಗಿಲಲ್ಲೇ ನಿಂತು ಕಿರುಚಿದಳು.

“ಸ್ತಾಮೆನ್! ನಾನು! ಗಿನ್ಕಾ! ಪಕ್ಕದ ಮನೆಯವಳು!”

“ಅವನಿಗೆ ಹೋಗಿರೋದು ಮಾತು ಕಣೇ, ಕಿವಿ ಅಲ್ಲ,” ಎಂದಳು ವೆನಾ.

“ಹೌದಾ? ಪಾಪ, ಬುದ್ಧಿನೂ ಹೋಗಿದೆಯಂತೆ?” ಎಂದು ಗಿನ್ಕಾ ಅವನ ಎದುರಿಗೇ ಕೇಳಿದಳು. ಸ್ತಾಮೆನ್ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದ.

ಬುದ್ಧಿ ಹೋಗಿಲ್ಲ ಎಂದು ಮೊದಲು ಹೇಳಿದವಳು ಇವೆಲಿನಾ, ಪಟ್ಟಣದ ಸ್ಪೀಚ್ ಥೆರಪಿಸ್ಟ್. ಚಿತ್ರದ ಕಾರ್ಡುಗಳ ಡಬ್ಬಿ ಹಿಡಿದು ಬಂದ ಆ ಹುಡುಗಿಯನ್ನು ನೋಡಿ ವೆನಾಳಿಗೆ, ಇವಳಿಗೆ ಮೀಸೆ ಹೊತ್ತ ಗಂಡಸಿನ ನಾಲಿಗೆ ಬಗ್ಗುತ್ತದೆಯೇ ಎಂದು ಅನುಮಾನವಾಗಿತ್ತು. ಇವೆಲಿನಾ ಮಾತ್ರ ಸ್ತಾಮೆನ್‌ನ ಎದುರು ಕುರ್ಚಿ ಎಳೆದುಕೊಂಡು, ಅವನಿಗೇ ವಿವರಿಸಿದಳು.

“ಮಾತೆಲ್ಲ ಒಳಗೇ ಇದೆ ಸ್ತಾಮೆನ್ ಚಿಕ್ಕಪ್ಪ. ಹಳಿ ಮಾತ್ರ ಕಿತ್ತುಹೋಗಿದೆ. ಒಂದೊಂದೇ ಕೂಡಿಸೋಣ.” ಆಮೇಲೆ ವೆನಾಳ ಕಡೆ ತಿರುಗಿ, “ನೀವು ಅವರ ಮುಖ ನೋಡಿ ಕೇಳಿ. ಕೇಳಿದ ಮೇಲೆ ಕಾಯಿರಿ. ಅವರ ಮಾತನ್ನ ನೀವು ಮುಗಿಸಬೇಡಿ.”

ಈ ಉಪದೇಶ ವೆನಾಳಿಗೆ ಎಷ್ಟು ಹಿಡಿಸಿತೆಂದರೆ, ಅಂದಿನಿಂದ ಬೀದಿಗೆಲ್ಲ ಅದನ್ನೇ ಬೋಧಿಸತೊಡಗಿದಳು. ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ, “ಮುಖ ನೋಡಿ, ಕೇಳಿ, ಕಾಯಿರಿ!” (ಪಾಲಿಸುವ ಕೆಲಸವನ್ನು ಬೀದಿಗೇ ಬಿಟ್ಟಿದ್ದಳು. ಬೋಧಿಸುವವರಿಗೆ ಅಷ್ಟೆಲ್ಲ ಪುರುಸೊತ್ತು ಎಲ್ಲಿರುತ್ತದೆ?)

ಮನೆಯಲ್ಲಿ ನಡೆಯುತ್ತಿದ್ದುದು ಹೀಗೆ. ವೆನಾ ಒಲೆಯ ಮುಂದೆ ನಿಂತು, ಪಾತ್ರೆಯ ಕಡೆಗೇ ಕಣ್ಣಿಟ್ಟು ಕೂಗುವಳು.

“ಬೀನ್ಸ್ ಕಾಳಿನ ಸಾರು ಬಡಿಸ್ಲಾ?”

“ನೆ... ನೆ...”

“ಪುದೀನ ಹಾಕಿದೀನಿ ಕಣೋ. ನಿನಗೆ ಇಷ್ಟ ಅಂತ ಬೆಳಗ್ಗೆಯಿಂದ ಬೇಯಿಸಿದೀನಿ.”

“ನೆ... ನೆ...”

“ಬೇಡ್ವಾ? ಬೇಡ ಅಂದ್ರೆ ಬಿಡು! ರಾಜರಿಗೆ ಇನ್ನೇನು ಕುರಿ ಸುಟ್ಟು ತರಬೇಕೋ!”

ತಟ್ಟೆ ಹಿಂದಕ್ಕೆ ಹೋಗುತ್ತಿತ್ತು. ಸ್ತಾಮೆನ್‌ನ ಕಣ್ಣು ಅದರ ಹಿಂದೆಯೇ ಹೋಗುತ್ತಿತ್ತು. ವಿಚಿತ್ರವೆಂದರೆ, ಬಾಯಿ ‘ನೆ’ ಎನ್ನುವಾಗ ತಲೆ ಅಡ್ಡಡ್ಡ ಆಡುತ್ತಿತ್ತು. ತಲೆ ಅಡ್ಡ ಆಡಿದರೆ ಹೌದು, ಗದ್ದ ಮೇಲಕ್ಕೆ ಹೋದರೆ ಇಲ್ಲ. ಇದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ವೆನಾ ಅದನ್ನು ಆಗೊಮ್ಮೆ ಈಗೊಮ್ಮೆ ಓರೆಗಣ್ಣಲ್ಲಿ ಕಂಡಿದ್ದಳು. “ಒಂದೇ ಮನುಷ್ಯನಲ್ಲಿ ಎರಡು ಸರ್ಕಾರ,” ಎಂದು ಗಿನ್ಕಾಳ ಮುಂದೆ ಗೊಣಗಿದ್ದಳು. ಪಾರ್ಶ್ವವಾಯು ಬಡಿದ ತಲೆ, ಅದನ್ನೇನು ನಂಬುವುದು ಎಂದು ಬಾಯನ್ನೇ ನಂಬಿದ್ದಳು.

ಸಾರು ಹೋಗಲಿ. ಶಾಲು ಹೊದಿಸಿದರೆ ‘ನೆ’. ಮೀಸೆ ಕತ್ತರಿಸಲು ಕೂತರೆ ‘ನೆ’. ಒಂದು ಸಂಜೆ ಅವನ ಸೋತ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಅವನು ಅವಳನ್ನೇ ನೋಡುತ್ತ, “ನೆ... ನೆ...” ಎಂದ. ಅವಳು ಕೈ ಬಿಟ್ಟು ಎದ್ದು ಹೋಗಿ, ಇಲ್ಲದ ಪಾತ್ರೆಗಳನ್ನು ತೊಳೆದಳು. ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಅತ್ತಳು.

ಅವಳಿಗೆ ಬೇಕಾದದ್ದು ದೊಡ್ಡದೇನೂ ಆಗಿರಲಿಲ್ಲ. ಇನ್ನೊಂದೇ ಒಂದು ಸಲ ಅವನು ಅವಳ ಪೂರ್ತಿ ಹೆಸರು ಹಿಡಿದು ಕರೆಯಬೇಕು. ಅದನ್ನು ಕೇಳದೆ ಸತ್ತರೆ, ಗೋರಿಯ ಮೇಲೂ ‘ವೆನಾ’ ಎಂದೇ ಕೆತ್ತಿಯಾರು ಎಂಬ ಭಯ ಅವಳಿಗೆ.

ಇವೆಲಿನಾಳ ಹತ್ತಿರವೂ ದೂರು ಹೋಯಿತು.

“ಎಲ್ಲದಕ್ಕೂ ‘ನೆ’ ಅಂತಾನಮ್ಮಾ. ನನ್ನ ಕಂಡ್ರೇ ಆಗಲ್ಲ ಅವನಿಗೆ.”

ಇವೆಲಿನಾ ಹುಬ್ಬೇರಿಸಿದಳು. “ನನ್ನ ಹತ್ರ ಒಂದು ಸಲವೂ ‘ನೆ’ ಅಂದಿಲ್ವಲ್ಲ ಚಿಕ್ಕಮ್ಮ? ಬೇಡ ಅಂದ್ರೆ ಗದ್ದ ಎತ್ತುತ್ತಾರೆ, ಅಷ್ಟೇ.”

“ಹೊರಗಿನವರ ಹತ್ರ ಮರ್ಯಾದೆ ಇರುತ್ತೆ ತಾಯಿ. ಬೇಡ ಅನ್ನೋಕೆ ಹೆಂಡತಿನೇ ಆಗಬೇಕು!”

ಇವೆಲಿನಾ ಏನೋ ಕೇಳಲು ಬಾಯಿ ತೆರೆದಳು. ವೆನಾ ಅಷ್ಟರಲ್ಲಿ ಬೇರೆ ವಿಷಯಕ್ಕೆ ಹೋಗಿಯಾಗಿತ್ತು.

ಮಾರ್ಚ್ ಬಂತು. ಎಲ್ಲರ ಮಣಿಕಟ್ಟಿನಲ್ಲೂ ವಸಂತವನ್ನು ಎದುರುಗೊಳ್ಳುವ ಕೆಂಪು ಬಿಳಿ ದಾರ. ಮಾತಿನ ಚಿಕಿತ್ಸೆಯ ಬಗ್ಗೆ ಜನರಿಗೆ ತಿಳಿಸಲು ಇವೆಲಿನಾ ಊರ ವಾಚನಾಲಯದ ಸಭಾಂಗಣದಲ್ಲಿ ಒಂದು ಸಭೆ ಇಟ್ಟಳು. ಮಾತು ತೊದಲುವ ಮಕ್ಕಳನ್ನು ಸೀಸ ಕರಗಿಸಿ ನೀರಿಗೆ ಸುರಿದು ಭಯ ಬಿಡಿಸುವ ಮುದುಕಿಯರ ಹತ್ತಿರ ಒಯ್ಯುವುದು ನಿಲ್ಲಲಿ, ಮಾತು ಕಳೆದುಕೊಂಡವರನ್ನು ಮನೆಯ ಮೂಲೆಗೆ ತಳ್ಳುವುದು ನಿಲ್ಲಲಿ ಎಂಬುದು ಅವಳ ಆಸೆ. ಮನೆಯವರ ಪರವಾಗಿ ಮಾತಾಡಲು ಯಾರು? ಬೇರೆ ಯಾರು ತಾನೇ! ವೆನಾ ಕೂದಲಿಗೆ ಬಣ್ಣ ಹಚ್ಚಿಕೊಂಡು, ನೀಲಿ ಉಡುಪು ತೊಟ್ಟು, ಸ್ತಾಮೆನ್‌ನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ವೇದಿಕೆ ಏರಿದಳು.

“ಮುಖ ನೋಡಿ! ಕೇಳಿ! ಕಾಯಿರಿ!” ಎಂದು ಶುರುಮಾಡಿದಳು. ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ಯಾರ ತಲೆಯನ್ನು ತಾನೇ ತಿರುಗಿಸುವುದಿಲ್ಲ? ಮೈಕು ಬೇರೆ ಕೈಯಲ್ಲಿತ್ತು. ಜನರನ್ನು ನಗಿಸುವ ಉಮೇದು ಬಂತು.

“ನನ್ನ ಗಂಡನ್ನೇ ನೋಡಿ. ಒಂದೇ ಮಾತು ಉಳಿಸಿಕೊಂಡಿದಾನೆ, ಅದೂ ನನಗೇ ಅಂತ! ಸಾರಿಗೆ ‘ನೆ’, ಶಾಲಿಗೆ ‘ನೆ’, ನಾನು ಕೈ ಹಿಡಿದ್ರೂ ‘ನೆ’!”

ಸಭೆ ಗೊಳ್ಳೆಂದಿತು. ಆಗ ಮುಂದಿನ ಸಾಲಿನಿಂದ, ಕೋಲು ಊರಿ ಏಳುತ್ತ, ಸ್ತಾಮೆನ್, “ನೆ... ನೆ...” ಎಂದ.

“ನೋಡಿದ್ರಾ? ಇಲ್ಲೂ ಬೇಡ್ವಂತೆ!”

ಮತ್ತೆ ನಗು. ಇವೆಲಿನಾ ಮಾತ್ರ ನಗಲಿಲ್ಲ. ಅವಳು ಸ್ತಾಮೆನ್‌ನ ತಲೆಯನ್ನು ನೋಡುತ್ತಿದ್ದಳು. ಅದು ಅಡ್ಡಡ್ಡ ಆಡುತ್ತಿತ್ತು. ಅವಳು ತಟ್ಟನೆ ಎದ್ದು ಕೈಯೆತ್ತಿದಳು.

“ಕಾಯಿರಿ. ಎಲ್ಲರೂ. ನೀವೂ, ಚಿಕ್ಕಮ್ಮ.”

ಸ್ತಾಮೆನ್‌ನ ಕತ್ತಿನ ನರಗಳು ಬಿಗಿದವು. ಹಣೆಯಲ್ಲಿ ಬೆವರು ಬಂತು.

“ನೆ... ವೆ... ನಾ.”

ಕೊನೆಯ ಅಕ್ಷರದ ಹೊತ್ತಿಗೆ ಗಂಟಲು ತನ್ನ ಹಳೆಯ ಗಾಂಭೀರ್ಯವನ್ನು ಹುಡುಕಿಕೊಂಡಿತ್ತು. ತಡವಾಗಿ ಬಂದ ರೈಲೊಂದನ್ನು ಸಾರಿದ ಹಾಗೆ.

ಗಿನ್ಕಾ ಪಕ್ಕದವಳನ್ನು ತಿವಿದು, ಸಭೆಗೆಲ್ಲ ಕೇಳುವ ಹಾಗೆ ಪಿಸುಗುಟ್ಟಿದಳು. “ಅದ್ಯಾರೇ ನೆವೆನಾ?”

“ನಾನು,” ಎಂದಳು ವೆನಾ ಮೈಕಿನಲ್ಲಿ.

ಇನ್ನೂ ಅರ್ಧ ಭಾಷಣ ಉಳಿದಿತ್ತು. ಅವಳು ಮೈಕನ್ನು ಕೆಳಗಿಟ್ಟಳು. ಹಿಂದಕ್ಕೆ ಹೋದ ತಟ್ಟೆಗಳು, ತೆಗೆದಿಟ್ಟ ಶಾಲು, ಬಿಟ್ಟುಬಿಟ್ಟ ಕೈ, ಎಲ್ಲವೂ ಸಾಲಾಗಿ ಬಂದು ಅವಳ ಕಣ್ಣ ಮುಂದೆ ನಿಂತವು. ಬೇಡ ಎಂದಿರಲಿಲ್ಲ ಅವನು. ಕರೆದಿದ್ದ. ಚಳಿಗಾಲವಿಡೀ ಕರೆದಿದ್ದ. ಇವಳು ಪ್ರತಿ ಸಲವೂ ಮೊದಲ ಅಕ್ಷರಕ್ಕೇ ಎದ್ದುಹೋಗಿದ್ದಳು. ಊರು ತಿಂದುಹಾಕಿದ ಆ ಅಕ್ಷರವನ್ನೇ ಅವನು ಹುಡುಕಿ ತಂದದ್ದು.

ಆಮೇಲೆ ಅವನು ಆ ಹೆಸರನ್ನು ಪೂರ್ತಿಯಾಗಿ ಮತ್ತೆ ಹೇಳಲಿಲ್ಲ. ಬರಬಹುದು, ಬರದೆಯೂ ಇರಬಹುದು ಎಂದಳು ಇವೆಲಿನಾ. ಸುಳ್ಳು ಹೇಳುವ ಹುಡುಗಿಯಲ್ಲ ಅದು. ವಾರಕ್ಕೆರಡು ಸಲ ಕಾರ್ಡುಗಳ ಡಬ್ಬಿ ಬರುತ್ತದೆ. ವೆನಾ ಈಗ ಬ್ರೆಡ್ಡಿನ ಅಂಗಡಿಯಲ್ಲಿ ಯಾರಿಗೂ ಬೋಧಿಸುವುದಿಲ್ಲ.

ಸಭೆಯ ಮರುದಿನ ಅವಳು ಬೀನ್ಸ್ ಕಾಳಿನ ಸಾರು ಮಾಡಿದಳು. ಒಲೆಗೆ ಬೆನ್ನು ಹಾಕಿ, ಸೌಟು ಹಿಡಿದುಕೊಂಡೇ ಅವನ ಎದುರು ಕೂತು, ಮುಖ ನೋಡಿ ಕೇಳಿದಳು.

“ಬಡಿಸ್ಲಾ?”

“ನೆ...”

ಅವಳು ಕಾದಳು. ಸೌಟಿನಿಂದ ಸಾರು ಅವನಿಗೆಂದು ಮತ್ತೆ ತೊಟ್ಟ ನೀಲಿ ಉಡುಪಿನ ಮೇಲೆ ತೊಟ್ಟಿಕ್ಕುತ್ತಿತ್ತು. ತೊಟ್ಟಿಕ್ಕಲಿ.

“ಹೇಳು ಸ್ತಾಮೆನ್. ನಾನೆಲ್ಲೂ ಹೋಗಲ್ಲ.”

“ನೆ...” ಎಂದ ಸ್ತಾಮೆನ್ ಮತ್ತೆ. ಸಾರನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ಗದ್ದವನ್ನು ಸ್ಪಷ್ಟವಾಗಿ ಮೇಲಕ್ಕೆತ್ತಿದ.

ಅವನಿಗೆ ನಿಜವಾಗಿಯೂ ಸಾರು ಬೇಡವಾಗಿತ್ತು. ನೆವೆನಾ ಸೌಟನ್ನು ಕೆಳಗಿಟ್ಟು, ಉಡುಪು ಒರೆಸಿಕೊಳ್ಳದೆ, ನಗುತ್ತಲೇ ಅತ್ತಳು.